ನಾಲಗೆಯ ತಪ್ಪು, ಜನತೆಯ ತೀರ್ಪು



ನ್ಯಾಯಾಲಯದಲ್ಲಿ ನನ್ನ ವೃತ್ತಿಯವರು ನಿತ್ಯವೂ ಕಾಣುವ ಸಂಗತಿಯೊಂದುಂಟು. ಪಕ್ಷಕಾರನ ದಾವೆ ಸತ್ಯವಾಗಿರುತ್ತದೆ, ಕಾಗದಪತ್ರಗಳು ಸರಿಯಾಗಿರುತ್ತವೆ, ಆದರೆ ಪಾಟೀಸವಾಲಿನ ಕಾಲಕ್ಕೆ ಆತನು ಸಿಟ್ಟಿಗೆದ್ದು ಒಂದು ಬಿರುನುಡಿಯನ್ನಾಡಿಬಿಡುತ್ತಾನೆ. ಅಲ್ಲಿಂದ ಮುಂದೆ ಎದುರು ವಕೀಲನು ದಾವೆಯ ಮಾತೆತ್ತುವದಿಲ್ಲ. ಆ ನುಡಿಯೊಂದೇ ಅವನಿಗೆ ಸಾಕು. ಇಂಥದೇ ಒಂದು ಪ್ರಸಂಗವು 1948ರಲ್ಲಿ ಬ್ರಿಟನ್ನಿನ ಜನತೆಯೆದುರು ನಡೆಯಿತು. ಅದನ್ನೇ ಇಂದು ತಮ್ಮ ಮುಂದೆ ಇಡಬಯಸುತ್ತೇನೆ.

ಮೊದಲು ದಾವೆಯ ಸ್ವರೂಪವನ್ನು ನೋಡೋಣ. 1911ರಲ್ಲಿ ಲಾಯ್ಡ್ ಜಾರ್ಜರು ತಂದ ವಿಮಾ ಕಾಯಿದೆಯಿಂದ ಬ್ರಿಟನ್ನಿನ ಮಜೂರನಿಗೆ ವೈದ್ಯನ ನೆರವು ದೊರೆಯುತ್ತಿತ್ತು. ಮನೆಯಲ್ಲಿದ್ದ ಆತನ ಹೆಂಡತಿ ಮಕ್ಕಳಿಗೆ ದೊರೆಯುತ್ತಿರಲಿಲ್ಲ. ವೈದ್ಯನ ಶುಲ್ಕಕ್ಕೆ ಹೆದರಿ ತಾಯಂದಿರು ತಮ್ಮ ಬೇನೆಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ದುಡಿಯುತ್ತಿದ್ದರು. 1945ರಲ್ಲಿ ಮಜೂರ ಪಕ್ಷವು ಅಧಿಕಾರಕ್ಕೆ ಬಂದಿತು. ಆರೋಗ್ಯಮಂತ್ರಿಯಾದ ಅನ್ಯೂರಿನ್ ಬೆವನ್ನರು ಆಸ್ಪತ್ರೆಗಳನ್ನು ರಾಷ್ಟ್ರದ ಸ್ವತ್ತಾಗಿ ಮಾಡಿ, ಚಿಕಿತ್ಸೆಯ ಕಾಲಕ್ಕೆ ರೋಗಿಯಿಂದ ಹಣ ಬೇಡದ ವ್ಯವಸ್ಥೆಯನ್ನು 1946ರ ಕಾಯಿದೆಯಿಂದ ಸ್ಥಾಪಿಸಿದರು. ಕನ್ಸರ್ವೇಟಿವರು, ಅಂದರೆ ನಮ್ಮ ಹಿರಿಯರು ಹುಜೂರ ಪಕ್ಷವೆಂದು ಕರೆಯುತ್ತಿದ್ದವರು, ಪಾರ್ಲಿಮೆಂಟಿನಲ್ಲಿ ಅದಕ್ಕೆ ವಿರುದ್ಧ ಮತ ಕೊಟ್ಟರು. ವೈದ್ಯರ ಸಂಘವು 1948ರ ಫೆಬ್ರುವರಿಯಲ್ಲಿ ನಡೆಸಿದ ಮತಗಣನೆಯಲ್ಲಿ ಹತ್ತರಲ್ಲಿ ಒಂಬತ್ತು ಮತಗಳು ವಿರುದ್ಧವೇ ಬಿದ್ದವು. ತಾವು ಸರಕಾರದ ಸಂಬಳದ ನೌಕರರಾಗುವೆವೆಂಬ ಭಯ ಅವರಿಗೆ. ಹಾಗೆ ಮಾಡುವದಿಲ್ಲವೆಂದು ಬೆವನ್ನರು ಭರವಸೆಯಿತ್ತು, ಜುಲೈ 5ರ ಮುಹೂರ್ತವನ್ನು ಮಾತ್ರ ಬಿಡಲಿಲ್ಲ.

ಅದರ ಹಿಂದಿನ ದಿನ, ಜುಲೈ 4ರಂದು, ಎರಡು ಭಾಷಣಗಳಾದವು. ಪ್ರಧಾನಮಂತ್ರಿ ಆಟ್ಲಿಯವರು ಆಕಾಶವಾಣಿಯಲ್ಲಿ ಮಾತಾಡಿ, ಈ ಕಾರ್ಯದಲ್ಲಿ ಎಲ್ಲ ಪಕ್ಷಗಳ ಪಾಲೂ ಉಂಟೆಂದರು. ಮ್ಯಾಂಚೆಸ್ಟರಿನ ಸಭೆಯಲ್ಲಿ ಬೆವನ್ನರು ಬೇರೆಯೇ ರಾಗವೆತ್ತಿದರು. ಅವರು ವೇಲ್ಸಿನ ಟ್ರೆಡೆಗರದ ಕಲ್ಲಿದ್ದಲ ಗಣಿಯಲ್ಲಿ ಹದಿಹರೆಯದಲ್ಲೇ ಇಳಿದವರು. ಅವರ ತಂದೆ ಗಣಿಯ ಧೂಳಿನಿಂದ ಬರುವ ಶ್ವಾಸರೋಗದಿಂದ ಸತ್ತರು. ಕೆಲಸವಿಲ್ಲದ ಕಾಲದಲ್ಲಿ ತಾವು ಸೋದರಿಯ ಗಳಿಕೆಯ ಮೇಲೆ ಬದುಕಬೇಕಾಯಿತೆಂಬುದನ್ನು ಸಭೆಯಲ್ಲಿ ನೆನೆದು, ಆ ಸ್ಥಿತಿಗೆ ತಂದ ಹುಜೂರ ಪಕ್ಷದವರು ತಮ್ಮ ಮಟ್ಟಿಗೆ ಹುಳುಹುಪ್ಪಟೆಗಿಂತಲೂ ಕೀಳೆಂದುಬಿಟ್ಟರು.

ಇಷ್ಟು ಸಾಕಾಯಿತು! ನಾಡಿನ ಪ್ರತಿಯೊಬ್ಬ ರೋಗಿಗೂ ಬಾಗಿಲು ತೆರೆಯಲಿದ್ದ ಮಹಾಕಾರ್ಯವು ಹಿಂದೆ ಬಿದ್ದಿತು; ಪತ್ರಿಕೆಗಳಲ್ಲಿ ಆ ಒಂದು ಶಬ್ದವೇ ಮೆರೆಯಿತು. ಚರ್ಚಿಲ್ಲರು, ದ್ವೇಷವೂ ಒಂದು ರೋಗವಾದುದರಿಂದ ಇವರನ್ನು ರೋಗಮಂತ್ರಿಯೆನ್ನಬೇಕೆಂದು ಚುಚ್ಚಿದರು. ಹುಜೂರ ಪಕ್ಷದ ತರುಣರು ಆ ಬೈಗುಳವನ್ನೇ ಹೆಸರಾಗಿಟ್ಟುಕೊಂಡು ಕೂಟಗಳನ್ನು ಕಟ್ಟಿ, ಎದೆಗೆ ಬಿಲ್ಲೆ ಧರಿಸಿ ತಿರುಗಿದರು. ಬೆವನ್ನರ ಮನೆಯ ಮೇಲೆ ಬಣ್ಣದಿಂದ ನಿಂದೆಯ ಮಾತು ಬರೆದವರೂ ಇದ್ದರು. ಆಟ್ಲಿಯವರು ಪತ್ರ ಬರೆದು, ಒಳ್ಳೆಯ ಆರಂಭಕ್ಕೆ ಇದರಿಂದ ಭಂಗ ಬಂದಿತೆಂದು ಎಚ್ಚರಿಸಿದರು.

ನಾನು ಆ ಮಾತನ್ನು ಸಮರ್ಥಿಸುವದಿಲ್ಲ. ಅವರ ಸಿಟ್ಟಿಗೆ ಕಾರಣವಿದ್ದಿತು. ಸಂಕಟವನ್ನುಂಡವನ ನಾಲಗೆ ಕಹಿಯಾಗುವದು ಸಹಜ. ಆದರೆ ಆ ಪಕ್ಷಕ್ಕೆ ಮತ ಕೊಟ್ಟ ಲಕ್ಷಾಂತರ ಜನರಲ್ಲಿ ಬಡವರೂ ಇದ್ದರು, ರೋಗಿಗಳೂ ಇದ್ದರು. ಬೆವನ್ನರ ಕಾಯಿದೆಯು ಅವರನ್ನು ಬೇರೆಯಾಗಿ ಎಣಿಸಲಿಲ್ಲ. ಬೆವನ್ನರ ಭಾಷಣವು ಎಣಿಸಿತು. ಕಾಯಿದೆಯು ಭಾಷಣಕ್ಕಿಂತ ದೊಡ್ಡ ಮನಸ್ಸಿನದಾಗಿದ್ದಿತು.

ಇನ್ನು ಜನತೆಯ ಪ್ರತಿಕ್ರಿಯೆಯ ಮಾತು. ಗದ್ದಲವನ್ನೇ ಪ್ರತಿಕ್ರಿಯೆಯೆಂದು ತಿಳಿದರೆ ನಾವು ಮೋಸಹೋಗುವೆವು. ನಿಜವಾದ ಸಾಕ್ಷಿ ಬೇರೆ ಕಡೆಗಿತ್ತು. ಜುಲೈ 5ರ ಹೊತ್ತಿಗೆ ಜನಸಂಖ್ಯೆಯ ಮುಕ್ಕಾಲು ಪಾಲು ವೈದ್ಯರಲ್ಲಿ ಹೆಸರು ನೋಂದಿಸಿತ್ತು. ಎರಡು ತಿಂಗಳೊಳಗೆ ನೂರಕ್ಕೆ 93 ಜನ ಸೇರಿದ್ದರು. ವಿರೋಧಿಸಿದ್ದ ವೈದ್ಯರಲ್ಲಿಯೂ ಹೆಚ್ಚಿನವರು ಸೇರಿಕೊಂಡರು. ಅಂಗಡಿಯ ಮೇಜಿನ ಮೇಲಿನ ಕನ್ನಡಕಗಳನ್ನು ಒಂದೊಂದಾಗಿ ಕಣ್ಣಿಗಿಟ್ಟು ನೋಡಿ ಕೊಳ್ಳುತ್ತಿದ್ದ ಬಡವರಿಗೆ ಕಣ್ಣು ಪರೀಕ್ಷಿಸಿ ಕನ್ನಡಕ ಕೊಡಲಾಯಿತು. ಮೊದಲ ವರ್ಷದಲ್ಲಿ ಅವುಗಳ ಸಂಖ್ಯೆ 50 ಲಕ್ಷವನ್ನು ಮೀರಿತು. ಮುಚ್ಚಿಟ್ಟ ಬೇನೆಗಳನ್ನು ಹೊತ್ತು ತಾಯಂದಿರು ಮುಂದೆ ಬಂದರು. ಜನರು ತೀರ್ಪನ್ನು ನಾಲಗೆಯಿಂದ ಹೇಳಲಿಲ್ಲ, ಕಾಲ್ನಡೆಯಿಂದ ಹೇಳಿದರು.

ಎದುರು ಪಕ್ಷದ ಸಾಕ್ಷ್ಯವೂ ಇದೆ. 1951ರಲ್ಲಿ ಚರ್ಚಿಲ್ಲರು ಮರಳಿ ಪ್ರಧಾನಿಯಾದರು. ಆದರೆ ಆ ವ್ಯವಸ್ಥೆಯನ್ನು ಕೆಡವಲಿಲ್ಲ. ಅವರ ಸರಕಾರವು ಅದರ ವೆಚ್ಚದ ವಿಚಾರಣೆಗೆಂದು 1953ರಲ್ಲಿ ನೇಮಿಸಿದ ಗಿಲ್‌ಬಾ ಸಮಿತಿಯು, ದುಂದುಗಾರಿಕೆ ಕಂಡುಬರಲಿಲ್ಲವೆಂದು 1956ರಲ್ಲಿ ವರದಿಯಿತ್ತಿತು. ಬೆವನ್ನರಾದರೋ ತಮ್ಮದೇ ಸರಕಾರವು ಕನ್ನಡಕಕ್ಕೂ ಕಟ್ಟಿಸಿದ ಹಲ್ಲಿಗೂ ಶುಲ್ಕ ಹಾಕಲು ಹೊರಟಾಗ 1951ರಲ್ಲಿ ಮಂತ್ರಿಪದವಿಯನ್ನೇ ತ್ಯಜಿಸಿದ್ದರು. ಸಿಟ್ಟು ನಾಲಗೆಯಲ್ಲಿ ಮಾತ್ರವಿದ್ದ ಮನುಷ್ಯನು ಇಂಥ ತ್ಯಾಗ ಮಾಡಲಾರನು.

ಮಹಾಶಯರೇ, ಇದು ಪರದೇಶದ ಕಥೆಯೆಂದು ಕೈಬಿಡಬೇಡಿರಿ. ಅದೇ 1946ರಲ್ಲಿ ನಮ್ಮ ದೇಶದ ಭೋರ್ ಸಮಿತಿಯೂ, ಹಣ ಕೊಡಲಾರದ ಕಾರಣದಿಂದ ಯಾರೊಬ್ಬರೂ ವೈದ್ಯದ ನೆರವಿನಿಂದ ವಂಚಿತರಾಗಬಾರದೆಂಬ ತತ್ವವನ್ನು ಸರಕಾರದ ಮುಂದಿಟ್ಟಿತು. ಆ ವರದಿಯ ಮೇಲೆ ಇಂಥ ಗದ್ದಲವೇಳಲಿಲ್ಲ. ಏಕೆಂದರೆ ಅದರಲ್ಲಿ ಬೈಗುಳವಿರಲಿಲ್ಲ. ಇಂದಿಗೂ ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದರೆ ಹೊಲವನ್ನು ಅಡವಿಡುವ ಕುಟುಂಬಗಳು ನಮ್ಮಲ್ಲಿವೆ. ಅಡವಿನ ಕಾಗದಗಳನ್ನು ಹಿಡಿದು ಅವರು ನಮ್ಮಂಥ ವಕೀಲರ ಬಾಗಿಲಿಗೆ ಬರುತ್ತಾರೆ.

ಆದುದರಿಂದ ನಾಯಕರಲ್ಲಿ ನನ್ನ ವಿನಂತಿ: ಒಳ್ಳೆಯ ದಾವೆಯನ್ನು ಕೆಟ್ಟ ನುಡಿಯಿಂದ ಕೆಡಿಸಬೇಡಿರಿ. ಶ್ರೋತೃಗಳಾದ ನಮ್ಮೆಲ್ಲರಲ್ಲಿಯೂ ಒಂದು ವಿನಂತಿ: ಆರೋಗ್ಯದ ವಿಷಯವಾಗಿ ಯಾರು ಭಾಷಣ ಮಾಡಿದರೂ, ಮನೆಗೆ ಮರಳುವಾಗ ಅವರು ಯಾರನ್ನು ಬೈದರೆಂದು ಮಾತಾಡಿಕೊಳ್ಳುವದು ಬೇಡ. ನಮ್ಮ ಊರಿನ ದವಾಖಾನೆಯಲ್ಲಿ ವೈದ್ಯನಿರುವನೇ, ಔಷಧವಿರುವುದೇ, ಅದರ ಹಣವನ್ನು ಯಾರು ತೆರುವರು, ಇಷ್ಟನ್ನು ಕೇಳೋಣ. ಉತ್ತರ ಬರುವವರೆಗೆ ಕೇಳುತ್ತಲೇ ಇರೋಣ.