ಬಚ್ಚಲ ಬಿಸಿನೀರಿನ ಲೆಕ್ಕ

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವರ್ತಕರು ಸೇರಿದ್ದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)

ಇಂದಿನ ವಿಷಯವನ್ನು ಕರಪತ್ರದಲ್ಲಿ ನೋಡಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ಬೋನಸ್ಸು, ಬಾಡಿಗೆ, ತೆರಿಗೆ ಇವನ್ನೆಲ್ಲ ಬಿಟ್ಟು ಈ ಮನುಷ್ಯ ಬಚ್ಚಲುಮನೆಗೆ ಏಕೆ ಹೊಕ್ಕ ಎಂದು ಕೇಳಿರಬಹುದು. ಆದರೆ ನಮ್ಮಲ್ಲಿ ಬಹಳ ಮಂದಿಗೆ ಹಳ್ಳಿಯಲ್ಲಿ ಒಂದು ಮನೆ ಇದೆ. ಅಲ್ಲಿ ಅವ್ವ ಇದ್ದಾಳೆ, ಅಪ್ಪ ಇದ್ದಾನೆ, ತಮ್ಮನ ಸಂಸಾರ ಇದೆ. ಆ ಮನೆಯ ಬಿಸಿನೀರಿನ ಗೀಸರ್ ಕೆಟ್ಟು ನಿಂತಾಗ ಏನು ಮಾಡಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಅದು ಸಣ್ಣದಲ್ಲ ಎಂಬುದನ್ನು ನಾನು ನನ್ನ ಮನೆಯಲ್ಲೇ ಕಲಿತೆ. ನಾನು ಇಂಜಿನಿಯರಲ್ಲ, ಹತ್ತನೆಯ ತರಗತಿ ದಾಟಿ ಮಕ್ಕಳಿಗೆ ಪಾಠ ಹೇಳಿದವನು. ಆದ್ದರಿಂದ ಶಾಲೆಯಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳುತ್ತೇನೆ.

ನಮ್ಮ ಮನೆಯಲ್ಲಿ ಮೊದಲು ಇದ್ದದ್ದು ತಾಮ್ರದ ಹಂಡೆ, ಅದರಡಿ ಮಣ್ಣಿನ ಒಲೆ. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಆ ಹಂಡೆಯನ್ನು ತಿಕ್ಕಿ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತುತ್ತಿದ್ದೆವು. ಒಂದು ದಿನ ಪೂಜೆ, ಉಳಿದ ದಿನವೆಲ್ಲ ಹೊಗೆ. ಆ ಹೊಗೆಯನ್ನು ಕುಡಿದವಳು ಅವ್ವ. ನಾಲ್ಕು ವರ್ಷದ ಹಿಂದೆ ತಮ್ಮ ಕಂತಿನ ಮೇಲೆ 25 ಲೀಟರಿನ ಗೀಸರ್ ತಂದು ಗೋಡೆಗೆ ಹಾಕಿಸಿದ. ಅವ್ವನ ಕೆಮ್ಮು ಕಡಿಮೆಯಾಯಿತು. ಎರಡು ವರ್ಷಕ್ಕೆ ಅದರ ಕಾಯಿಲ್ ಸುಟ್ಟಿತು. ಕೆಲವು ನೂರು ರೂಪಾಯಿಯಲ್ಲಿ ಹೊಸದು ಹಾಕಿಸಿದೆವು. ಕಳೆದ ಡಿಸೆಂಬರಿನಲ್ಲಿ ಟ್ಯಾಂಕಿನ ತಳವೇ ತೂತಾಗಿ ನೀರು ಸೋರತೊಡಗಿತು.

ಅಂಗಡಿಗೆ ಹೋದರೆ, ಟ್ಯಾಂಕಿಗೆ ಐದು ವರ್ಷದ ವಾರಂಟಿ ಇರುವುದು ನಿಜ, ಆದರೆ ಗಡಸು ನೀರಿನಿಂದ ಆದ ಹಾನಿಗೆ ಅದು ಅನ್ವಯಿಸುವುದಿಲ್ಲ ಎಂದು ಚೀಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿದರು. ನಮ್ಮ ಸೀಮೆಯ ಕೊಳವೆಬಾವಿಯಲ್ಲಿ ಗಡಸು ನೀರಲ್ಲದೆ ಬೇರೆ ಯಾವ ನೀರು ಬರುತ್ತದೆ? ಅದನ್ನು ಮಾರುವ ದಿನ ಯಾರೂ ಹೇಳಲಿಲ್ಲ.

ಹೊಸದು ತರುವವರೆಗೆ ಇರಲಿ ಎಂದು ತಮ್ಮ ಸಂತೆಯಿಂದ ನೀರು ಕಾಯಿಸುವ ರಾಡು ತಂದ. ಅದಕ್ಕೆ ಎರಡು ಪಿನ್ನಿನ ಪ್ಲಗ್ಗು, ಸ್ಟೀಲಿನ ಬಕೆಟ್ಟು. ಒಂದು ಬೆಳಗ್ಗೆ ಕರೆಂಟು ಹೋಗಿತ್ತು. ಸ್ವಿಚ್ಚು ಹಾಕಿದ್ದು ಹಾಗೆಯೇ ಇತ್ತು. ನೀರು ಎಷ್ಟು ಕಾದಿದೆ ಎಂದು ನೋಡಲು ಅವ್ವ ಕೈಯದ್ದಿದಳು. ಅದೇ ಕ್ಷಣಕ್ಕೆ ಕರೆಂಟು ಬಂತು. ಅವಳು ಹಿಂದಕ್ಕೆ ಗೋಡೆಗೆ ಬಿದ್ದಳು; ಬಿದ್ದದ್ದರಿಂದಲೇ ಕೈ ಬಿಟ್ಟು ಬದುಕಿದಳು. ಸುದ್ದಿ ತಿಳಿದು ನಾನು ಓಡಿಹೋದರೆ, “ನಂಗೇನೂ ಆಗಿಲ್ಲ ಬಿಡಪ್ಪ. ನೀರು ಕಾದೈತೆ, ಸ್ನಾನ ಮಾಡ್ಕಂಡು ಹೋಗು” ಎಂದಳು. ಮಗನಿಗೆ ಬಿಸಿನೀರು ಸಿಗಲೆಂಬುದೇ ಆಗಲೂ ಅವಳ ಚಿಂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ಅಂದು ನಾನು ಲೆಕ್ಕ ಹಾಕಲು ಕೂತೆ.

ಮೊದಲನೆಯ ಪಾಠ: ಗೀಸರ್ ಏಕೆ ಸತ್ತಿತು? ಗಿರಣಿಯ ಬಾಯ್ಲರ್ ಬಳಿ ಕೆಲಸ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಡಸು ನೀರು ಕಾದಾಗ ಅದರೊಳಗಿನ ಸುಣ್ಣ ಕಾಯಿಲ್ ಮೇಲೆ ಕಲ್ಲಾಗಿ ಕೂರುತ್ತದೆ. ಆ ಪದರ ಹೊದ್ದ ಕಾಯಿಲಿನ ಶಾಖ ನೀರಿಗೆ ಸರಿಯಾಗಿ ಇಳಿಯದೆ, ಕಾಯಿಲ್ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಇನ್ನು ಟ್ಯಾಂಕು. ಉಕ್ಕಿನ ಟ್ಯಾಂಕು ತುಕ್ಕು ಹಿಡಿಯದಿರಲೆಂದು ಅದರೊಳಗೆ ಒಂದು ಮೆಗ್ನೀಷಿಯಂ ಕಡ್ಡಿ ಇಟ್ಟಿರುತ್ತಾರೆ. ತುಕ್ಕು ಮೊದಲು ಆ ಕಡ್ಡಿಯನ್ನು ತಿನ್ನುತ್ತದೆ. ಕಡ್ಡಿ ಮುಗಿದ ಮೇಲೆ ಟ್ಯಾಂಕನ್ನು ತಿನ್ನುತ್ತದೆ. ನಮ್ಮಂಥ ನೀರಿರುವ ಕಡೆ ವರ್ಷಕ್ಕೊಮ್ಮೆ ಬಿಚ್ಚಿಸಿ, ಸುಣ್ಣ ತೆಗೆಸಿ, ಕಡ್ಡಿಯನ್ನು ನೋಡಿಸಬೇಕು. ನಮ್ಮ ಮನೆಯದನ್ನು ಬಿಚ್ಚಿದಾಗ ಕಡ್ಡಿಯ ಜಾಗದಲ್ಲಿ ಬರಿಯ ತಂತಿ ಉಳಿದಿತ್ತು. ಕಾಯಿಲ್ ಹಾಕಿದ ದಿನವೇ ಆ ಕಡ್ಡಿಯನ್ನೂ ಬದಲಿಸಿದ್ದರೆ ಟ್ಯಾಂಕು ಉಳಿಯುತ್ತಿತ್ತೇನೋ.

ಆದ್ದರಿಂದ ಗೀಸರ್ ಕೆಟ್ಟ ಕೂಡಲೇ ಗುಜರಿಗೆ ಹಾಕಬೇಡಿ. ನೀರು ಕಾಯದಿದ್ದರೆ ಕಾಯಿಲ್ ಅಥವಾ ಥರ್ಮೋಸ್ಟ್ಯಾಟ್ ಹೋಗಿರಬಹುದು. ಅವನ್ನು ಬದಲಿಸಿದರೆ ಸಾಕು. ಟ್ಯಾಂಕೇ ಸೋರಿದರೆ ಮಾತ್ರ ಹೊಸದು ಅನಿವಾರ್ಯ. ಇನ್ನೊಂದು ಎಚ್ಚರಿಕೆ: ಗೀಸರಿನ ಕೆಳಗೆ ಒತ್ತಡ ಬಿಡುವ ವಾಲ್ವ್ ಇರುತ್ತದೆ, ಆಗಾಗ ತೊಟ್ಟಿಕ್ಕುತ್ತದೆ. ಸೋರುತ್ತಿದೆ ಎಂದು ಅದಕ್ಕೆ ಬೆಣೆ ಹೊಡೆಯುವವರನ್ನು ನಾನು ಕಂಡಿದ್ದೇನೆ. ಅದನ್ನು ಮುಚ್ಚಿದರೆ ಒತ್ತಡಕ್ಕೆ ಹೊರದಾರಿಯಿಲ್ಲ. ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಟ್ಯಾಂಕು ಸಿಡಿಯಬಹುದು.

ಎರಡನೆಯ ಪಾಠ: ಬಿಸಿನೀರಿನ ನಿಜವಾದ ಬೆಲೆ. ಐದು ಜನರ ಮನೆ, ತಲೆಗೆ 20 ಲೀಟರಿನಂತೆ 100 ಲೀಟರ್ ನೀರು ಎಂದಿಟ್ಟುಕೊಳ್ಳಿ. 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. ಅಂದರೆ ದಿನಕ್ಕೆ 2000 ಕಿಲೋಕ್ಯಾಲರಿ. ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲರಿ ಇದೆ. ಸೋರಿಹೋಗುವ ಶಾಖವನ್ನೂ ಸೇರಿಸಿ ದಿನಕ್ಕೆ ಎರಡೂವರೆ ಯೂನಿಟ್, ತಿಂಗಳಿಗೆ 75 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 450 ರೂಪಾಯಿ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದಿದೆಯಲ್ಲ, ಕರೆಂಟು ಪುಕ್ಕಟೆ ಎಂದು ಯಾರಾದರೂ ಹೇಳಬಹುದು. ಆದರೆ ಅದು ಆ ಮನೆಯ ಹಿಂದಿನ ಬಳಕೆಯ ಸರಾಸರಿಗೆ ಕಟ್ಟಿದ ಮಿತಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮೊದಲ ಸಲ ಗೀಸರ್ ತರುವವರು ಇದನ್ನು ಎಣಿಸಿ ತರಲಿ.

ಈಗ ಸೌದೆ. ಒಣ ಸೌದೆಯ ಕಿಲೋದಲ್ಲಿ 3500 ಕಿಲೋಕ್ಯಾಲರಿ ಇದ್ದರೂ ತೆರೆದ ಒಲೆಯಲ್ಲಿ ಅದರ ಹತ್ತರಲ್ಲೊಂದು ಪಾಲು ನೀರಿಗೆ ಸೇರಿದರೆ ಹೆಚ್ಚು. ಆ ಲೆಕ್ಕದಲ್ಲಿ ದಿನಕ್ಕೆ ಐದಾರು ಕಿಲೋ, ತಿಂಗಳಿಗೆ ಒಂದೂವರೆ ಕ್ವಿಂಟಾಲಿಗೂ ಮೇಲೆ. “ಸೌದೆ ನಮ್ಮ ಹೊಲದ್ದೇ, ದುಡ್ಡಿಲ್ಲ” ಎನ್ನುತ್ತೇವೆ. ದುಡ್ಡಿಲ್ಲ, ನಿಜ. ಆದರೆ ಅದು ತಾನಾಗಿ ನಡೆದುಬರುತ್ತದೆಯೇ? ಒಂದೂವರೆ ಕ್ವಿಂಟಾಲನ್ನು ಕಡಿದು, ಹೊತ್ತು, ಒಣಗಿಸಿ, ಕೋಳಿ ಕೂಗುವ ಮುನ್ನ ಎದ್ದು ಊದಿ ಉರಿಸುವವರು ಯಾರು? ಗಿರಣಿಯಲ್ಲಿ ಅರ್ಧ ಗಂಟೆ ಹೆಚ್ಚು ದುಡಿಸಿದರೆ ನಾವು ಓವರ್‌ಟೈಮ್ ಕೇಳುತ್ತೇವೆ. ಅವ್ವನ ಆ ಎರಡು ಗಂಟೆಗೆ ನಮ್ಮ ಮನೆಯ ಖಾತೆಯಲ್ಲಿ ಕಾಲಮ್ಮೇ ಇಲ್ಲ. ಕಾಲಮ್ಮಿಲ್ಲದ್ದರಿಂದಲೇ ಅದು ಪುಕ್ಕಟೆಯಾಗಿ ಕಾಣುತ್ತದೆ.

ಸೌದೆಯನ್ನೇ ಉರಿಸಬೇಕಾದವರಿಗೂ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ, ಹಳ್ಳಿಯ ಒಲೆಯನ್ನು ವಿಜ್ಞಾನದ ವಿಷಯವನ್ನಾಗಿ ಮಾಡಿತು. ಅಸ್ತ್ರ ಒಲೆ ಎಂಬ ಹೆಸರನ್ನು ನಿಮ್ಮಲ್ಲಿ ಹಿರಿಯರು ಕೇಳಿರುತ್ತೀರಿ. ಬೆಂಕಿಯನ್ನು ನಾಲ್ಕೂ ಕಡೆ ಮುಚ್ಚಿ, ಗಾಳಿಗೆ ಲೆಕ್ಕದ ದಾರಿ ಬಿಟ್ಟು, ಹೊಗೆಯನ್ನು ಕೊಳವೆಯಲ್ಲಿ ಮಾಡಿನ ಮೇಲಕ್ಕೆ ಕಳಿಸಿದರೆ ಸೌದೆ ಬಹಳ ಉಳಿಯುತ್ತದೆ. ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರ್ ಕೂಡ ಇದೇ ತತ್ವದ್ದು. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು, ತೊಗರಿಕಟ್ಟಿಗೆ, ತೆಂಗಿನ ಮಟ್ಟೆ ಎಲ್ಲವೂ ಅದರಲ್ಲಿ ಉರಿಯುತ್ತವೆ.

ಗ್ಯಾಸಿನ ಗೀಸರ್ ತಂದರೆ ಇದೇ ನೀರಿಗೆ ತಿಂಗಳಿಗೆ ಸುಮಾರು ಏಳು ಕಿಲೋ ಗ್ಯಾಸ್, ಅಂದರೆ ಅರ್ಧ ಸಿಲಿಂಡರು. ಅದನ್ನು ಮುಚ್ಚಿದ ಬಚ್ಚಲೊಳಗೆ ಮಾತ್ರ ಎಂದೂ ಹಾಕಿಸಬೇಡಿ. ಗಾಳಿ ಸಾಲದೆ ಉರಿಯುವ ಗ್ಯಾಸು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷ ಉಗುಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಬಾಗಿಲ ಹಿಂದೆಯೇ ಸತ್ತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಬಿಸಿಲಿನ ಗೀಸರ್, ಅಂದರೆ ಸೋಲಾರ್, ತಾರಸಿ ಮನೆಯವರು ಮೊದಲು ಯೋಚಿಸಬೇಕಾದದ್ದು. ತಿಂಗಳ ಖರ್ಚೇ ಇಲ್ಲ. ಆದರೆ 100 ಲೀಟರ್ ನೀರೊಂದೇ 100 ಕಿಲೋ ತೂಗುತ್ತದೆ, ಹಂಚಿನ ಮಾಡು ಅದನ್ನು ಹೊರಲಾರದು. ತಣ್ಣೀರಿನ ಟ್ಯಾಂಕು ಅದಕ್ಕಿಂತ ಎತ್ತರದಲ್ಲಿರಬೇಕು. ಸುಣ್ಣದ ನೀರು ಅದರ ಕೊಳವೆಯನ್ನೂ ಕಟ್ಟುತ್ತದೆ. ಮಳೆಗಾಲದ ಮೋಡದ ದಿನಗಳಿಗೆ ಬೇರೆ ಏರ್ಪಾಡು ಬೇಕು.

ನಮ್ಮದು ಹಂಚಿನ ಮನೆ. ಅವ್ವನನ್ನು ಮತ್ತೆ ಹೊಗೆಗೆ ದೂಡಲು ನಮಗೆ ಮನಸ್ಸಾಗಲಿಲ್ಲ. ಕರೆಂಟಿನ ಗೀಸರನ್ನೇ ಮತ್ತೆ ತರುವುದೆಂದು ನಿಶ್ಚಯಿಸಿದೆವು. ಆದರೆ ಈ ಸಲ ಮೂರನೆಯ ಪಾಠ ಕಲಿತು ತಂದೆವು. ಅದೇ ಎಲ್ಲಕ್ಕಿಂತ ದೊಡ್ಡ ಪಾಠ.

ಗೆಳೆಯರೇ, ನಿಮ್ಮ ಗಿರಣಿಯ ಪ್ರತಿಯೊಂದು ಮೋಟಾರಿನ ಮೈಯಿಂದಲೂ ಒಂದು ತಂತಿ ನೆಲಕ್ಕೆ ಹೋಗುತ್ತದೆ. ಅದು ಅರ್ತ್ ತಂತಿ. ಬಾಯ್ಲರಿಗೆ ಹೋಗುವ ನೀರಿನ ಗಡಸುತನ ತೆಗೆದಿರುತ್ತಾರೆ. 1923ರ ಬಾಯ್ಲರ್ ಕಾಯಿದೆಯಿಂದೀಚೆಗೆ ಇನ್ಸ್‌ಪೆಕ್ಟರು ಬಂದು ನೋಡಿ ಸರ್ಟಿಫಿಕೇಟು ಕೊಡಬೇಕು. ಇವೆಲ್ಲ ಮಾಲೀಕರ ಔದಾರ್ಯದಿಂದ ಬಂದವಲ್ಲ; ಬಾಯ್ಲರ್ ಸಿಡಿದು, ಮೋಟಾರು ಹಿಡಿದು, ಜನ ಸತ್ತ ಮೇಲೆ ಬಂದ ಕಾಯಿದೆಗಳು. ಗಿರಣಿಯಲ್ಲಿ ಇಷ್ಟನ್ನು ಹಕ್ಕೆಂದು ಕೇಳುವ ನಾವು, ಹಳ್ಳಿಯಲ್ಲಿ ನೀರಲ್ಲಿ ನಿಂತು ಸ್ವಿಚ್ಚು ಮುಟ್ಟುವ ಅವ್ವನ ಬಚ್ಚಲಿಗೆ ಒಂದು ಅರ್ತ್ ತಂತಿ ಎಳೆಸಿದ್ದೇವೆಯೇ? ನಾನು ಎಳೆಸಿರಲಿಲ್ಲ. ಮೂರು ಪಿನ್ನಿನ ಸಾಕೆಟ್ಟು ಗೋಡೆಯಲ್ಲಿತ್ತು. ಅದರ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ. ನಾಲ್ಕು ವರ್ಷ ಆ ಖಾಲಿ ತೂತನ್ನು ನಂಬಿ ಮನೆಯವರೆಲ್ಲ ಮಿಂದಿದ್ದೆವು.

ಈ ಸಲ ಹಿತ್ತಿಲಲ್ಲಿ ಗುಂಡಿ ತೋಡಿ, ಕೊಳವೆ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿದೆವು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವ ಕೆಲಸ ತಮ್ಮನ ಮಗನದು. ಮೀಟರಿನ ಬಳಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು. ಕರೆಂಟು ಮನುಷ್ಯನ ಮೈ ಮೂಲಕ ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕಡಿದುಬಿಡುತ್ತದೆ. 2000 ವ್ಯಾಟಿನ ಗೀಸರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, ದೀಪದ ತಂತಿ ಅದನ್ನು ತಾಳದು. ಮೀಟರಿನಿಂದ ಬೇರೆಯೇ ದಪ್ಪ ತಂತಿ, 16 ಆಂಪಿಯರಿನ ಸಾಕೆಟ್ಟು ಬೇಕು. ಗೀಸರಿಗೆ ಏಳು ಸಾವಿರದ ಮೇಲೆ ಆಯಿತು; ಈ ರಕ್ಷಣೆಗೆಲ್ಲ ಸೇರಿ ನಾಲ್ಕು ಸಾವಿರ. ತಮ್ಮ ಮೊದಲು ಗೊಣಗಿದ. “ಅವ್ವನ ಕೈ ನೋಡು” ಎಂದೆ, ಸುಮ್ಮನಾದ.

ಒಂದು ಮಾತು ವೋಲ್ಟೇಜಿನ ಬಗ್ಗೆ. ಹಳ್ಳಿಯಲ್ಲಿ 230 ಇರಬೇಕಾದ ವೋಲ್ಟೇಜು 160ಕ್ಕೆ ಇಳಿದಾಗ 2000 ವ್ಯಾಟಿನ ಕಾಯಿಲ್ ಸಾವಿರ ವ್ಯಾಟಿನ ಕೆಲಸವನ್ನೂ ಮಾಡದು. ನೀರು ಕಾಯಲು ಎರಡರಷ್ಟು ಹೊತ್ತು ಹಿಡಿಯುತ್ತದೆ. ಗೀಸರ್ ಕೆಟ್ಟಿತೆಂದು ಮೆಕ್ಯಾನಿಕ್ಕನಿಗೆ ದುಡ್ಡು ಕೊಡುವ ಮುನ್ನ ವೋಲ್ಟೇಜು ಅಳೆಸಿ. ತಪ್ಪು ಲೈನಿನದಾದರೆ ಹತ್ತು ಮನೆಯವರು ಸೇರಿ ವಿದ್ಯುತ್ ಕಚೇರಿಗೆ ಬರೆದುಕೊಡಿ.

ಇನ್ನು ವರ್ತಕ ಬಂಧುಗಳಲ್ಲಿ ವಿನಂತಿ. ಗೀಸರ್ ಕೇಳಿ ಬಂದವರನ್ನು ಮೂರು ಪ್ರಶ್ನೆ ಕೇಳಿ: ನಿಮ್ಮ ನೀರು ಯಾವುದು, ಮಾಡು ಎಂಥದು, ಅರ್ತಿಂಗ್ ಇದೆಯೇ? ನಕ್ಷತ್ರದ ಚೀಟಿ ತೋರಿಸುವಾಗ ನಿಜ ಹೇಳಿ. ಕಾಯಿಸಿಟ್ಟ ನೀರಿನ ಶಾಖ ಎಷ್ಟು ಸೋರುತ್ತದೆ ಎಂಬುದನ್ನು ಆ ನಕ್ಷತ್ರ ಹೇಳುತ್ತದೆ. ಕಾಯಿಸಿದ ಕೂಡಲೇ ಮೀಯುವ ಮನೆಗೆ ಒಂದು ನಕ್ಷತ್ರ ಹೆಚ್ಚಿದ್ದರೆ ಆಗುವ ಉಳಿತಾಯ ಸ್ವಲ್ಪವೇ. ಮೆಗ್ನೀಷಿಯಂ ಕಡ್ಡಿಗಳನ್ನು ಅಂಗಡಿಯಲ್ಲಿಡಿ. ಎರಡು ಪಿನ್ನಿನ ರಾಡನ್ನು ಮಾರಲೇಬೇಡಿ. ಅದರಲ್ಲಿ ಸಿಗುವ ಲಾಭ ಕೆಲವು ರೂಪಾಯಿ. ಕೊಳ್ಳುವವರೂ ಬಿಲ್ಲು ಕೇಳಿ, ಐಎಸ್‌ಐ ಗುರುತು ನೋಡಿ, ವಾರಂಟಿಯ ಸಣ್ಣ ಅಕ್ಷರವನ್ನು ಅಂಗಡಿಯಲ್ಲೇ ಓದಿಸಿ. ಅನ್ಯಾಯವಾದರೆ 2019ರ ಗ್ರಾಹಕರ ಕಾಯಿದೆಯ ಪ್ರಕಾರ ಜಿಲ್ಲಾ ಆಯೋಗ ಇದೆ. ಐದು ಲಕ್ಷದೊಳಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಕೊನೆಯದಾಗಿ ಗಿರಣಿಯ ಗೆಳೆಯರಿಗೆ. ನಿಮ್ಮಲ್ಲಿ ವೈರ್‌ಮನ್ ಇದ್ದೀರಿ, ಫಿಟ್ಟರ್ ಇದ್ದೀರಿ. ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಸೀರೆ, ಸಿಹಿಯ ಜೊತೆ ಒಂದು ಟೆಸ್ಟರನ್ನೂ ಜೇಬಿನಲ್ಲಿಟ್ಟುಕೊಳ್ಳಿ. ಬಚ್ಚಲ ಸಾಕೆಟ್ಟಿನ ಆ ದೊಡ್ಡ ತೂತಿನ ಹಿಂದೆ ತಂತಿ ಇದೆಯೇ ಎಂದು ಬಿಚ್ಚಿ ನೋಡಿ. ನಿಮ್ಮ ಮನೆಯದಾದ ಮೇಲೆ ಪಕ್ಕದ ಮನೆಯದನ್ನೂ ನೋಡಿ. ಯಾವ ಕಂಪನಿಯ ಗೀಸರ್ ತರಬೇಕೆಂಬ ಚರ್ಚೆ ಆಮೇಲೆ ಇರಲಿ.

ನಮ್ಮ ಮನೆಯ ಹಂಡೆ ಈಗ ಹಿತ್ತಿಲ ಜಗಲಿಯ ಮೇಲಿದೆ. ದೀಪಾವಳಿಗೆ ಅದನ್ನು ತೊಳೆದು ಬಳ್ಳಿ ಸುತ್ತುತ್ತೇವೆ. ಅಂದು ಒಲೆ ಹಚ್ಚುವುದು ಮಾತ್ರ ಇನ್ನು ಮುಂದೆ ನಾನು ಮತ್ತು ನನ್ನ ತಮ್ಮ.