ಗಾದೆ ತಾನೇ ಅನ್ನಬೇಡಿ!

(ಮಾದನಾಯಕನಹಳ್ಳಿಯ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಾವೆಲ್ಲ ಶಾಲೆಯಲ್ಲಿ ಬರೆದವರೇ. ಆದರೆ ಗಾದೆ ನೋಯಿಸಬಲ್ಲದೇ? ಬೇಕೆಂದು ಆಡದ ಮಾತೂ ಇರಿಯಬಲ್ಲದೇ? ಇವತ್ತು ನಿಮ್ಮ ಮುಂದಿಡುವ ಪ್ರಶ್ನೆ ಇಷ್ಟೇ.

2023ರ ಆಗಸ್ಟ್ ನೆನಪಿಸಿಕೊಳ್ಳಿ. ನಟ ಉಪೇಂದ್ರ ಪ್ರಜಾಕೀಯದ ವಾರ್ಷಿಕೋತ್ಸವಕ್ಕೆ ಫೇಸ್‌ಬುಕ್‌ನಲ್ಲಿ ನೇರವಾಗಿ ಮಾತನಾಡುತ್ತಿದ್ದರು. ಟೀಕಿಸುವವರು ಎಲ್ಲ ಕಡೆ ಇರುತ್ತಾರೆ ಎನ್ನಲು ಒಂದು ಗಾದೆ ಬಳಸಿದರು. ಊರು ಅಂದ ಮೇಲೆ ಇಂಥವರ ಕೇರಿ ಇದ್ದೇ ಇರುತ್ತದೆ ಎಂಬ ಗಾದೆ. ಆ ಕೇರಿಗೆ ಜಾತಿಯ ಹೆಸರಿದೆ, ನಾನಿಲ್ಲಿ ಹೇಳುವುದಿಲ್ಲ. ಬೆಂಗಳೂರಿನ ಚೆನ್ನಮ್ಮನಕೆರೆ ಅಚ್ಚುಕಟ್ಟು ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಅವರು ವಿಡಿಯೋ ಅಳಿಸಿ ಕ್ಷಮೆ ಕೇಳಿದರು. ಹೈಕೋರ್ಟ್ ತಡೆಯಾಜ್ಞೆ ನೀಡಿತು.

ಆಗ ನಮ್ಮ ಹುಡುಗರೇ ಕೇಳಿದರು: "ಗಾದೆ ತಾನೇ? ಕೆಟ್ಟ ಉದ್ದೇಶ ಇರಲಿಲ್ಲವಲ್ಲ?" ಇರಲಿಲ್ಲ, ಒಪ್ಪುತ್ತೇನೆ. ಆದರೆ ಗಾದೆಯನ್ನು ಬಿಡಿಸಿ ನೋಡಿ. ಊರು ಒಳ್ಳೆಯದು, ಕೇರಿ ಕೆಟ್ಟದ್ದು, ಸಹಿಸಿಕೊಳ್ಳಿ. ಇದೇ ಅದರ ಲೆಕ್ಕ! ಕೇರಿಯನ್ನು ಊರ ಹೊರಗೆ ಇಟ್ಟವರು ಯಾರು? ಕೇರಿಯವರಂತೂ ಅಲ್ಲ.

ನಾನೂ ಈ ತಪ್ಪು ಮಾಡಿದವನೇ. ಹಿಂದೊಮ್ಮೆ ಇದೇ ಗಾದೆಯಿದ್ದ ಕರಪತ್ರ ಅಚ್ಚು ಹಾಕಿದೆ. ಕರಡು ತಿದ್ದುವಾಗ ಕಾಗುಣಿತ ನೋಡಿದೆ, ಅರ್ಥ ನೋಡಲಿಲ್ಲ. ಮಡಿಚುವ ಹುಡುಗ ಒಂದು ಪ್ರತಿ ಓದಿದ. ಏನೂ ಹೇಳದೆ ಉಳಿದ ಸಾವಿರವನ್ನೂ ಮಡಿಚಿಟ್ಟು ಹೋದ. ಮರುದಿನ ಯಾಕಪ್ಪಾ ಸುಮ್ಮನಿದ್ದೀಯ ಎಂದರೆ, "ನಮ್ಮನೆ ಅಲ್ಲೇ ಇರೋದು ಸಾರ್" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಮಾತಿಗೆ ಅಷ್ಟೊಂದು ಬಲವೇ ಎನ್ನುವವರು 1973ನ್ನು ನೋಡಲಿ. ದೇವರಾಜ ಅರಸರ ಸಂಪುಟದಲ್ಲಿದ್ದ ದಲಿತ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು ಮೈಸೂರಿನಲ್ಲಿ ಹೇಳಿದರು. ಬೂಸಾ ಅಂದರೆ ದನದ ಮೇವು. ಆ ಒಂದು ಪದಕ್ಕೆ ಬೀದಿಗಳು ಕುದಿದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ನಮ್ಮ ಭಾಷೆಗೆ ತಾಗಿದ ಒಂದು ಪದ ಸಹಿಸದ ನಾವು, ಇನ್ನೊಬ್ಬರ ಬಾಳಿಗೆ ತಾಗುವ ಗಾದೆಯನ್ನು ಸಹಿಸಿಕೋ ಎನ್ನುವುದು ಯಾವ ನ್ಯಾಯ?

ಒಂದು ಗಾದೆ ಬಿಟ್ಟರೆ ಕನ್ನಡ ಬಡವಾಗುವುದಿಲ್ಲ ಬಂಧುಗಳೇ. ಟೀಕಾಕಾರರ ಬಗ್ಗೆ ಹೇಳಲು ಹಣ್ಣಿರುವ ಮರಕ್ಕೇ ಕಲ್ಲು ಎಂಬ ಮಾತಿದೆ. ಅದು ಯಾರ ಮನೆಯನ್ನೂ ಹೀಗಳೆಯುವುದಿಲ್ಲ.

ಬಾಯಿ ತಪ್ಪಿದವರನ್ನೆಲ್ಲ ಜೈಲಿಗೆ ಹಾಕಿ ಎನ್ನುತ್ತಿಲ್ಲ. ತಪ್ಪಾಯಿತು ಅನ್ನಿ, ಮತ್ತೆ ಆಡಬೇಡಿ. ಅಚ್ಚಿನ ತಪ್ಪಿಗೆ ತಿದ್ದುಪಡಿ ಹಾಕುತ್ತೇವೆ, ಮಾತಿಗೂ ಹಾಕೋಣ. ಈ ತುಮಕೂರು ರಸ್ತೆಯ ಕಾರ್ಖಾನೆಗಳಲ್ಲಿ ಊರಿನವನೂ ಕೇರಿಯವನೂ ಒಂದೇ ಯಂತ್ರದ ಮುಂದೆ ನಿಂತಿದ್ದಾರೆ. ಇಬ್ಬರದೂ ಕನ್ನಡವೇ! ಇಬ್ಬರೂ ತಲೆಯೆತ್ತಿ ಆಡಬಲ್ಲ ಕನ್ನಡವನ್ನು ಉಳಿಸೋಣ.

ಸಿರಿಗನ್ನಡಂ ಗೆಲ್ಗೆ!