ಹಾಡಿದವರೂ ಹಾಡದವರೂ
(ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ವಿದ್ಯಾಲಯದ ಶಿಸ್ತನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನಿಮ್ಮ ಅಪ್ಪಣೆಯಾಗಿದೆ. ಶಿಸ್ತೇ ಬೇಡವೆನ್ನುವ ಪಕ್ಷದವನು ನಾನಲ್ಲ. ಗದ್ದಲದ ತರಗತಿಯಲ್ಲಿ ಸರಸ್ವತಿಯು ನಿಲ್ಲಲಾರಳೆಂಬುದನ್ನು ನಿಮ್ಮಂಥ ಅನುಭವಿಗಳಿಗೆ ಹೇಳಬೇಕಾದುದಿಲ್ಲ. ಆದರೆ ಶಿಸ್ತಿನ ಹೆಸರಿನಲ್ಲಿ ನಾವು ದಂಡಿಸುವದು ಹುಡುಗರ ಕೃತಿಯನ್ನೋ, ಅವರ ಮಾತನ್ನೋ ಎಂಬ ಪ್ರಶ್ನೆಯನ್ನು ಬಹುಸಲ ಕೇಳಿಕೊಳ್ಳುವದೇ ಇಲ್ಲ. ಅದಕ್ಕಾಗಿ ನಮ್ಮ ಮನೆಯ ಹತ್ತಿರದ ಸಂಗತಿಯೊಂದನ್ನೇ ಎತ್ತಿಕೊಳ್ಳುವೆನು.

೧೯೫೬ರಲ್ಲಿ ನಮ್ಮೊಡನೆ ಕೂಡಿದ ಕಲಬುರ್ಗಿ, ರಾಯಚೂರು, ಬೀದರ ಸೀಮೆಗಳು ಅದಕ್ಕೆ ಮೊದಲು ನಿಜಾಮರ ಸಂಸ್ಥಾನದಲ್ಲಿದ್ದವು. ಅಲ್ಲಿಯ ತರುಣರಿಗೆ ಉಚ್ಚಶಿಕ್ಷಣವೆಂದರೆ ೧೯೧೮ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯ. ಪಾಠವೆಲ್ಲ ಉರ್ದುವಿನಲ್ಲಿ. ದೇಶಭಾಷೆಯಲ್ಲಿ ಉಚ್ಚಶಿಕ್ಷಣವು ಸಾಧ್ಯವೆಂದು ತೋರಿಸಿದ ಕೀರ್ತಿಯು ಆ ಸಂಸ್ಥೆಗೆ ಸಲ್ಲಲೇಬೇಕು. ಕನ್ನಡಕ್ಕಾಗಿ ಬಾಯಿ ಬಡಿದುಕೊಳ್ಳುವ ನಾವು ಅದನ್ನು ಮರೆಯಲಾಗದು. ಆದರೆ ಆ ಭಾಷೆಯು ಸಂಸ್ಥಾನದ ಬಹುಜನರ ಮನೆಮಾತಾಗಿರಲಿಲ್ಲ.

೧೯೩೮ರ ಕಾಲವು ಬಿಗಿಯಾಗಿತ್ತು. ಅಪ್ಪಣೆಯಿಲ್ಲದೆ ಸಭೆ ಕೂಡಲಾಗದೆಂದು ೫೩ನೆಯ ಗಸ್ತಿಯು ಜನರ ಬಾಯನ್ನು ಕಟ್ಟಿತ್ತು. ಸಂಸ್ಥಾನದ ಕಾಂಗ್ರೆಸ್ಸು ಹುಟ್ಟುವ ಮೊದಲೇ, ಆ ವರುಷದ ಸೆಪ್ಟೆಂಬರಿನಲ್ಲಿ, ನಿಷೇಧಕ್ಕೆ ಒಳಗಾಯಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹವು ಮೊದಲಾಯಿತು. ಇಂಥ ಸಮಯದಲ್ಲಿ ಉಸ್ಮಾನಿಯಾದ ವಸತಿಗೃಹದ ಹಿಂದೂ ವಿದ್ಯಾರ್ಥಿಗಳು ತಮ್ಮ ಪ್ರಾರ್ಥನೆಯ ಕೋಣೆಯಲ್ಲಿ 'ವಂದೇ ಮಾತರಂ' ಹಾಡಿದರು. ಅದು ರಾಜಕೀಯದ ಹಾಡು, ಅನ್ಯರ ಮನಸ್ಸನ್ನು ನೋಯಿಸುವಂಥದು ಎಂದು ಅಧಿಕಾರಿಗಳು ತಡೆದರು. ಹುಡುಗರು ತರಗತಿಗಳನ್ನು ಬಿಟ್ಟು ಹೊರಬಿದ್ದರು. ಕಿಡಿಯು ಔರಂಗಾಬಾದಿಗೂ ವರಂಗಲ್ಲಿಗೂ ನಮ್ಮ ಕಲಬುರ್ಗಿಯ ಕಾಲೇಜಿಗೂ ಹಾರಿತು. ನೂರಾರು ವಿದ್ಯಾರ್ಥಿಗಳ ಹೆಸರುಗಳನ್ನು ಪಟ್ಟಿಯಿಂದ ಹೊಡೆದುಹಾಕಿದರು.

ಅಧಿಕಾರಿಗಳ ಆಕ್ಷೇಪವು ಬರಿಯ ನೆವವೆಂದು ನಾನು ಹೇಳಲಾರೆನು. ಆ ಹಾಡಿನ ಮುಂದಿನ ಚರಣಗಳಿಂದ ಮುಸಲ್ಮಾನ ಬಂಧುಗಳಿಗೆ ಅಡ್ಡಿಯುಂಟೆಂಬುದನ್ನು ಕಾಂಗ್ರೆಸ್ಸಿನ ಕಾರ್ಯಕಾರಿಣಿಯೇ ೧೯೩೭ರ ಅಕ್ಟೋಬರಿನಲ್ಲಿ ಒಪ್ಪಿ, ಮೊದಲಿನ ಎರಡು ಚರಣಗಳನ್ನಷ್ಟೇ ಹಾಡಬೇಕೆಂದು ನಿರ್ಣಯಿಸಿತ್ತು. ಆದರೆ ಆ ಹುಡುಗರು ಯಾರನ್ನು ಬಲವಂತದಿಂದ ಹಾಡಿಸಿದರು? ಯಾರ ಮೈ ಮುಟ್ಟಿದರು? ತಮ್ಮ ಕೋಣೆಯಲ್ಲಿ ತಾವು ಹಾಡಿದರು, ಅಷ್ಟೆ.

ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ೧೯೧೬ರಲ್ಲಿ ಓಟನ್ ಎಂಬ ಪ್ರಾಧ್ಯಾಪಕರನ್ನು ವಿದ್ಯಾರ್ಥಿಗಳು ಹೊಡೆದರು; ಸುಭಾಷಚಂದ್ರ ಬೋಸರು ಕಾಲೇಜಿನಿಂದ ಹೊರಹಾಕಲ್ಪಟ್ಟರು. ಅವರಲ್ಲಿ ನನಗಿರುವ ಭಕ್ತಿಯು ಯಾರಿಗೂ ಕಡಿಮೆಯದಲ್ಲ. ಆದರೂ ಗುರುವಿನ ಮೇಲೆ ಕೈಯೆತ್ತಿದುದನ್ನು ವಿಚಾರಿಸುವ ಹಕ್ಕು ಕಾಲೇಜಿಗೆ ಇರಲಿಲ್ಲವೆಂದು ನಾನು ಹೇಳೆನು. ಅಲ್ಲಿ ಪ್ರಶ್ನೆಯು ಪೆಟ್ಟಿನದು, ಉಸ್ಮಾನಿಯಾದಲ್ಲಿ ಸ್ವರದ್ದು. ಎರಡಕ್ಕೂ ಒಂದೇ ದಂಡವಾದರೆ ಹುಡುಗನು ಕಲಿಯುವದೇನು? ಹಾಡಿದರೂ ಹೊರಗೆ, ಹೊಡೆದರೂ ಹೊರಗೆ. ಹಾಗಾದರೆ ಹೊಡೆದೇ ಹೋಗೋಣವೆಂದು!

ಅಧ್ಯಾಪಕರಾದ ನಿಮಗೆ ಇನ್ನೊಂದು ಮಾತು. ೧೯೦೫ರಲ್ಲಿ ವಂಗಭಂಗದ ಚಳವಳವನ್ನು ಮುರಿಯಲೆಂದು ಬಂಗಾಲದ ಸರಕಾರವು ಕಾರ್ಲೈಲ್ ಸುತ್ತೋಲೆಯನ್ನು ಹೊರಡಿಸಿತು. ವಿದ್ಯಾರ್ಥಿಗಳು ಸಭೆಗಳಿಗೆ ಹೋದರೆ ಶಾಲೆಯ ಧನಸಹಾಯವನ್ನು ನಿಲ್ಲಿಸುವೆವೆಂಬ ಬೆದರಿಕೆಯು ಅದರಲ್ಲಿತ್ತು. ಬೇಕಾದರೆ ಶಿಕ್ಷಕರನ್ನೇ ವಿಶೇಷ ಪೋಲೀಸರನ್ನಾಗಿ ನೇಮಿಸಬಹುದೆಂಬ ಮಾತೂ ಇತ್ತು. ಬೆತ್ತದ ಕೈಗೆ ಲಾಠಿ! ಫಲವಾಗಿ ೧೯೦೬ರಲ್ಲಿ ಬಂಗಾಲಿಗಳು ತಮ್ಮದೇ ರಾಷ್ಟ್ರೀಯ ಶಿಕ್ಷಣ ಪರಿಷತ್ತನ್ನು ಕಟ್ಟಿದರು.

ಉಸ್ಮಾನಿಯಾದಿಂದ ಹೊರಬಿದ್ದವರಿಗೆ ನಾಗಪುರದ ವಿಶ್ವವಿದ್ಯಾಲಯವು ಬಾಗಿಲು ತೆರೆಯಿತು. ಮಧ್ಯಪ್ರಾಂತದಲ್ಲಿ ಆಗ ಕಾಂಗ್ರೆಸ್ ಮಂತ್ರಿಮಂಡಲವಿದ್ದಿತು. ಹಾಗೆ ಸಂಸ್ಥಾನವನ್ನು ಬಿಟ್ಟುಹೋದ ಹುಡುಗರಲ್ಲಿ ಪಿ. ವಿ. ನರಸಿಂಹರಾಯರೊಬ್ಬರು. ಅವರು ೧೯೯೧ರಲ್ಲಿ ಭಾರತದ ಪ್ರಧಾನಮಂತ್ರಿಗಳಾದರು. ಯಾವ ಕಾಲೇಜು ಯಾರನ್ನು ಹೊರದೂಡುತ್ತಿದೆಯೆಂಬುದು ಆ ಕಾಲೇಜಿಗೆ ತಿಳಿದಿರುವದಿಲ್ಲ.

ಇಲ್ಲಿಯವರೆಗೆ ನೀವೆಲ್ಲರೂ ತಲೆದೂಗಿದಿರಿ. ಅನ್ಯಾಯಮಾಡಿದವರು ಪರರಾಗಿರುವಾಗ ತಲೆದೂಗುವದು ಸುಲಭ. ಇನ್ನು ಹೇಳುವದು ತುಸು ಕಹಿಯಾದೀತು. ೧೯೮೫ರಲ್ಲಿ, ನಮ್ಮದೇ ಸ್ವತಂತ್ರ ಭಾರತದಲ್ಲಿ, ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಹಾಕಿದರು. ಅಪರಾಧವೇನು? ರಾಷ್ಟ್ರಗೀತೆಯನ್ನು ಹಾಡಲಿಲ್ಲ. ಅವರು ಯೆಹೋವನ ಸಾಕ್ಷಿಗಳೆಂಬ ಪಂಥದವರು. ಆ ಗೀತವನ್ನು ಹಾಡಲು ತಮ್ಮ ಮತವು ಒಪ್ಪದೆಂದು ನಂಬಿದವರು. ಗೀತವು ನಡೆಯುವಾಗ ಎಲ್ಲರೊಡನೆ ಎದ್ದು ಮರ್ಯಾದೆಯಿಂದ ನಿಲ್ಲುತ್ತಿದ್ದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ದೇಶಾಭಿಮಾನಿಗಳಾದ ನಾವು ಆಗ ಯಾವ ಪಕ್ಷದಲ್ಲಿದ್ದೆವು? ಹಾಡಿದುದಕ್ಕಾಗಿ ಹೊರಬಿದ್ದವರ ಕಥೆಯನ್ನು ಹೆಮ್ಮೆಯಿಂದ ಹೇಳುವ ನಮ್ಮಲ್ಲಿಯೇ ಎಷ್ಟು ಜನರು, ಹಾಡದವರಿಗೆ ತಕ್ಕ ಶಾಸ್ತಿಯಾಯಿತೆಂದು ಅಂದುಕೊಂಡೆವು? ನಾನೂ ಹಾಗೆ ಅಂದುಕೊಂಡವನೇ, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ಹಾಡು ನಮ್ಮದಾದಾಗ ಮಾತಿನ ಸ್ವಾತಂತ್ರ್ಯವು ದೊಡ್ಡದಾಗಿ ತೋರಿತು. ಮೌನವು ಅವರದಾದಾಗ ಶಿಸ್ತು ದೊಡ್ಡದಾಯಿತು.

ಕೇರಳದ ಉಚ್ಚ ನ್ಯಾಯಾಲಯವು ಆ ಮಕ್ಕಳ ಅರ್ಜಿಯನ್ನು ತಳ್ಳಿಹಾಕಿತು. ೧೯೮೬ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಆ ತೀರ್ಪನ್ನು ಬದಿಗಿಟ್ಟರು. ಎದ್ದು ನಿಂತವನು ಹಾಡದಿದ್ದ ಮಾತ್ರಕ್ಕೆ ಅಗೌರವವಾಗಲಿಲ್ಲ. ಮಕ್ಕಳನ್ನು ಮರಳಿ ಶಾಲೆಗೆ ಸೇರಿಸಿಕೊಂಡು ಅವರ ಓದಿಗೆ ಅನುಕೂಲ ಮಾಡಿಕೊಡಬೇಕೆಂದು ಅಪ್ಪಣೆಯಾಯಿತು. ಓದು ಕೈತಪ್ಪಿ ಅಷ್ಟರಲ್ಲಿ ಒಂದು ವರುಷವು ಕಳೆದುಹೋಗಿತ್ತು.